ರಂಗಸ್ಥಳದ ಚೌಕ, ತೆರೆಯ ಅಗಲ: ಜಾನಪದ ದೃಶ್ಯದಾಖಲೆಗಳ ಡಿಜಿಟಲ್ ಪ್ರದರ್ಶನವನ್ನು ಕುರಿತು ಒಂದು ವಿವೇಚನೆ

ಕರ್ನಾಟಕದ ಜಾನಪದ ರಂಗಕಲೆಗಳ ದೃಶ್ಯದಾಖಲೀಕರಣವು ವಿಡಿಯೋ ಟೇಪಿನ ಬಳಕೆಯೊಂದಿಗೆ 1980ರ ದಶಕದಿಂದ ವ್ಯಾಪಕವಾಯಿತು. ಯು-ಮ್ಯಾಟಿಕ್, ವಿಎಚ್ಎಸ್, ಬೀಟಾಕ್ಯಾಮ್, ಹಾಯ್-8 ಹಾಗೂ 1990ರ ದಶಕದ ಉತ್ತರಾರ್ಧದಲ್ಲಿ ಬಂದ ಡಿವಿ ಟೇಪುಗಳು, ಇವೆಲ್ಲವುಗಳ ಗಾತ್ರ, ಗುಣಮಟ್ಟ, ಬಾಳಿಕೆ ಬೇರೆ ಬೇರೆಯಾಗಿದ್ದರೂ ಒಂದು ಲಕ್ಷಣ ಬಹುಮಟ್ಟಿಗೆ ಸಮಾನವಾಗಿತ್ತು. ಅವುಗಳ ಚೌಕಟ್ಟು ಅಗಲದಲ್ಲಿ ನಾಲ್ಕು ಪಾಲು, ಎತ್ತರದಲ್ಲಿ ಮೂರು ಪಾಲು. ಅಂದಿನ ದೂರದರ್ಶನ ಪೆಟ್ಟಿಗೆಯ ಆಕಾರವೇ ಅದು. ಈಗ ಈ ದಾಖಲೆಗಳು ಕಪಾಟುಗಳಿಂದ ಹೊರಬಂದು, ಅಂಕೀಕೃತಗೊಂಡು, ಉತ್ಸವಗಳಲ್ಲಿ, ವಿಚಾರಸಂಕಿರಣಗಳಲ್ಲಿ, ಕೆಲವೊಮ್ಮೆ ಚಿತ್ರಮಂದಿರಗಳಲ್ಲಿಯೇ ಪ್ರದರ್ಶನಗೊಳ್ಳತೊಡಗಿವೆ. ಚಿತ್ರಮಂದಿರದ ತೆರೆ ನಾಲ್ಕಕ್ಕೆ ಮೂರರ ತೆರೆಯಲ್ಲ. ಈ ಎರಡು ಆಕಾರಗಳ ನಡುವಿನ ಅಂತರವನ್ನು ತುಂಬುವ ಕೆಲಸವನ್ನು ಸಾಮಾನ್ಯವಾಗಿ ತಂತ್ರಜ್ಞರ ಪಾಲಿನದೆಂದು ಬಿಟ್ಟುಕೊಡಲಾಗಿದೆ. ಅದು ಜಾನಪದ ವಿದ್ವಾಂಸರೂ ವಿಚಾರಮಾಡಬೇಕಾದ ಪಠ್ಯಸಂಪಾದನೆಯ ಸಮಸ್ಯೆ ಎಂಬ ನಿಲುವಿನಿಂದ ಪ್ರಸ್ತುತ ಲೇಖನದಲ್ಲಿ ಈ ವಿಷಯವನ್ನು ಪರಿಶೀಲಿಸಲಾಗಿದೆ.

ಹಸ್ತಪ್ರತಿಯೊಂದನ್ನು ಮುದ್ರಣಕ್ಕೆ ಸಿದ್ಧಪಡಿಸುವ ಸಂಪಾದಕನು ಓಲೆಯ ಅಗಲ ಪುಟಕ್ಕೆ ಹೊಂದುವುದಿಲ್ಲವೆಂದು ಸಾಲಿನ ಕೊನೆಯ ನಾಲ್ಕು ಅಕ್ಷರಗಳನ್ನು ಬಿಟ್ಟುಬಿಟ್ಟರೆ ಅದನ್ನು ಯಾವ ವಿದ್ವತ್ಸಭೆಯೂ ಒಪ್ಪಲಾರದು. ದೃಶ್ಯದಾಖಲೆಯಲ್ಲಿ ಇದಕ್ಕಿಂತ ಹೆಚ್ಚಿನದನ್ನು ಬಿಟ್ಟರೂ ಯಾರೂ ಪ್ರಶ್ನಿಸುವುದಿಲ್ಲ. ಬಿಟ್ಟದ್ದು ಕಾಣುವುದಿಲ್ಲ ಎಂಬುದೇ ಅದಕ್ಕೆ ಕಾರಣ.

ಚೌಕಟ್ಟಿನ ಪ್ರಮಾಣಗಳ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ನೆನೆಯುವುದು ಅಗತ್ಯ. ಎಡಿಸನ್‌ನ ಪ್ರಯೋಗಶಾಲೆಯಲ್ಲಿ ಡಿಕ್ಸನ್ ರೂಪಿಸಿದ 35 ಮಿ.ಮೀ. ಫಿಲ್ಮಿನಲ್ಲಿ ಒಂದು ಚಿತ್ರಕ್ಕೆ ನಾಲ್ಕು ರಂಧ್ರಗಳ ಎತ್ತರವನ್ನು ಇಟ್ಟುಕೊಂಡದ್ದರಿಂದ 1.33ರ ಪ್ರಮಾಣ ರೂಢಿಗೆ ಬಂತು. ಧ್ವನಿಪಥವು ಫಿಲ್ಮಿನ ಒಂದು ಅಂಚನ್ನು ಆಕ್ರಮಿಸಿದ ಮೇಲೆ 1932ರಲ್ಲಿ ಅಮೆರಿಕದ ಚಲನಚಿತ್ರ ಅಕಾಡೆಮಿ 1.37ನ್ನು ಮಾನಕವಾಗಿಸಿತು. ದೂರದರ್ಶನವು ಸಿನಿಮಾದ ಈ ಆಕಾರವನ್ನು ಎರವಲು ಪಡೆಯಿತು. ಆ ಬಳಿಕ ಮನೆಯ ಪೆಟ್ಟಿಗೆಯಿಂದ ಪ್ರೇಕ್ಷಕರನ್ನು ಮರಳಿ ಕರೆತರಲು ಸಿನಿಮಾ ತನ್ನ ತೆರೆಯನ್ನು ಅಗಲಗೊಳಿಸಿತು. 1953ರ 'ದಿ ರೋಬ್' ಚಿತ್ರದೊಂದಿಗೆ ಸಿನಿಮಾಸ್ಕೋಪ್ ಬಂತು. ಭಾರತದಲ್ಲಿ 1959ರ 'ಕಾಗಜ್ ಕೇ ಫೂಲ್' ಆ ಮಾದರಿಯ ಮೊದಲ ಚಿತ್ರ. 16:9 ಎಂಬ ಇಂದಿನ ಟೆಲಿವಿಷನ್ ಆಕಾರವಂತೂ ಯಾವ ಕಲಾವಿದನ ಕಣ್ಣಿನಿಂದಲೂ ಹುಟ್ಟಿದ್ದಲ್ಲ. 1.33 ಮತ್ತು 2.35ರ ನಡುವಿನ ಗುಣೋತ್ತರ ಮಧ್ಯಕವಾಗಿ 1980ರ ದಶಕದಲ್ಲಿ ಇಂಜಿನಿಯರುಗಳು ಲೆಕ್ಕಹಾಕಿ ಕಂಡುಕೊಂಡ ರಾಜಿಸೂತ್ರವದು. ಎರಡು ಪಕ್ಷಗಳಿಗೂ ಸಮಾನ ನಷ್ಟವಾಗುವಂತೆ ಮಾಡುವ ಪಂಚಾಯತಿಯ ತೀರ್ಮಾನವನ್ನು ಅದು ಹೋಲುತ್ತದೆ.

ಹಾಲಿವುಡ್‌ನ ಪ್ರಮುಖ ಸ್ಟುಡಿಯೋಗಳು 2002ರಲ್ಲಿ ಕೂಡಿ ರಚಿಸಿದ ಡಿಜಿಟಲ್ ಸಿನಿಮಾ ಇನಿಶಿಯೇಟಿವ್ಸ್ ಎಂಬ ಕೂಟವು 2005ರಲ್ಲಿ ತನ್ನ ತಾಂತ್ರಿಕ ನಿರ್ದೇಶನಗಳ ಮೊದಲ ಆವೃತ್ತಿಯನ್ನು ಪ್ರಕಟಿಸಿತು. ಸಂಕ್ಷೇಪವಾಗಿ ಡಿಸಿಪಿ ಎನ್ನಲಾಗುವ ಡಿಜಿಟಲ್ ಸಿನಿಮಾ ಪ್ಯಾಕೇಜ್ ಇದರ ಫಲ. ಎರಡು-ಕೆ ಎಂಬ ವರ್ಗದಲ್ಲಿ ಚಿತ್ರದ ಪೂರ್ಣ ಪಾತ್ರೆ 2048 ಬಿಂದುಗಳ ಅಗಲ ಮತ್ತು 1080 ಬಿಂದುಗಳ ಎತ್ತರದ್ದು. ಆದರೆ ರೂಢಿಯಲ್ಲಿರುವ ಪಾತ್ರೆಗಳು ಮುಖ್ಯವಾಗಿ ಎರಡು: 1998 ಅಗಲ, 1080 ಎತ್ತರವುಳ್ಳ 'ಫ್ಲಾಟ್', ಅಂದರೆ 1.85ರ ಪ್ರಮಾಣ, 2048 ಅಗಲ, 858 ಎತ್ತರವುಳ್ಳ 'ಸ್ಕೋಪ್', ಅಂದರೆ 2.39ರ ಪ್ರಮಾಣ. ನಾಲ್ಕು-ಕೆ ವರ್ಗದಲ್ಲಿ ಇವೆಲ್ಲ ಎರಡರಷ್ಟಾಗುತ್ತವೆ. ಈ ಪಟ್ಟಿಯಲ್ಲಿ ನಾಲ್ಕಕ್ಕೆ ಮೂರರ ಹಳೆಯ ಚೌಕಕ್ಕೆ ಪ್ರತ್ಯೇಕ ಪಾತ್ರೆಯಿಲ್ಲ. ಅದು ಈ ಎರಡರಲ್ಲಿ ಒಂದರೊಳಗೆ ಅತಿಥಿಯಾಗಿಯೇ ಇರಬೇಕು.

ಅತಿಥಿಯನ್ನು ಹೇಗೆ ಕೂರಿಸಬೇಕೆಂಬುದರಲ್ಲಿ ಮೂರು ದಾರಿಗಳಿವೆ. ಚಿತ್ರವನ್ನು ಅದರ ಆಕಾರದಲ್ಲಿಯೇ ಇರಿಸಿ ಎಡಬಲಗಳಲ್ಲಿ ಕಪ್ಪು ಪಟ್ಟಿಗಳನ್ನು ಬಿಡುವುದು ಒಂದು. ಚಿತ್ರವನ್ನು ಅಗಲಕ್ಕೆ ಎಳೆದು ಹಿಗ್ಗಿಸುವುದು ಇನ್ನೊಂದು. ಅಗಲವನ್ನು ತುಂಬುವಂತೆ ದೊಡ್ಡದು ಮಾಡಿ, ಹೆಚ್ಚಾಗಿ ಉಳಿದ ಮೇಲು ಕೆಳಗಿನ ಭಾಗಗಳನ್ನು ಕತ್ತರಿಸುವುದು ಮೂರನೆಯದು. ತೆರೆ ಖಾಲಿ ಬಿಡಬಾರದೆಂಬ ಹಂಬಲದಿಂದ ಎರಡನೆಯ ಮತ್ತು ಮೂರನೆಯ ದಾರಿಗಳು ಹೆಚ್ಚು ಬಳಕೆಯಲ್ಲಿವೆ. ಅವುಗಳ ಪರಿಣಾಮವನ್ನು ನಿರ್ದಿಷ್ಟ ಕಲೆಗಳ ಮೇಲೆ ಇಟ್ಟು ನೋಡಿದಾಗ ಮಾತ್ರ ನಷ್ಟದ ಸ್ವರೂಪ ತಿಳಿಯುತ್ತದೆ.

ಬಡಗುತಿಟ್ಟಿನ ಯಕ್ಷಗಾನದಲ್ಲಿ ಒಂದು ಒಡ್ಡೋಲಗವನ್ನು ತೆಗೆದುಕೊಳ್ಳಬಹುದು. ಅನುಭವಿ ಛಾಯಾಗ್ರಾಹಕನೊಬ್ಬ 4:3ರ ಚೌಕಟ್ಟಿನಲ್ಲಿ ವೇಷಧಾರಿಯನ್ನು ಪೂರ್ಣಾಕೃತಿಯಾಗಿ ಹಿಡಿಯುವಾಗ ಕಿರೀಟದ ತುದಿಗೆ ಮೇಲೊಂದಿಷ್ಟು, ಗೆಜ್ಜೆ ಕಟ್ಟಿದ ಕಾಲಿಗೆ ಕೆಳಗೊಂದಿಷ್ಟು ಜಾಗ ಬಿಟ್ಟು ಸಂಯೋಜಿಸುತ್ತಾನೆ. ವೇಷದ ಎತ್ತರವೇ ಆ ಚೌಕಟ್ಟಿನ ಅಳತೆ. ಇದನ್ನು ಫ್ಲಾಟ್ ಪಾತ್ರೆಯ ಅಗಲಕ್ಕೆ ತುಂಬಿಸಿದರೆ ಮೂಲಚಿತ್ರದ ಎತ್ತರದಲ್ಲಿ ಶೇಕಡಾ 72ರಷ್ಟು ಮಾತ್ರ ಉಳಿಯುತ್ತದೆ. ಪಾಲ್ ಪದ್ಧತಿಯ ಟೇಪಿನ 576 ಸಾಲುಗಳಲ್ಲಿ 415 ಸಾಲುಗಳು ಉಳಿದು 161 ಸಾಲುಗಳು ಹೋಗುತ್ತವೆ. ಸ್ಕೋಪ್ ಪಾತ್ರೆಗೆ ತುಂಬಿಸಿದರೆ ಉಳಿಯುವುದು ಶೇಕಡಾ 56 ಮಾತ್ರ, ಅಂದರೆ 322 ಸಾಲುಗಳು. ಚಿತ್ರದ ಹೆಚ್ಚುಕಡಿಮೆ ಅರ್ಧಭಾಗವನ್ನು ಕಳೆದುಕೊಂಡು ತೆರೆಯನ್ನು ಪೂರ್ತಿ ತುಂಬಿಸಿದ ಸಮಾಧಾನ ದೊರೆಯುತ್ತದೆ.

ಕತ್ತರಿ ಎಲ್ಲಿ ಬೀಳಬೇಕು? ಮೇಲೆ ಬಿದ್ದರೆ ಕಿರೀಟ ಹೋಗುತ್ತದೆ. ಯಕ್ಷಗಾನದಲ್ಲಿ ವೇಷದ ವರ್ಗವನ್ನು ಹೇಳುವುದೇ ತಲೆಯ ಮೇಲಿನ ರಚನೆ. ಕೇದಗೆಮುಂದಲೆ, ಮುಂಡಾಸು, ಕಿರೀಟ, ತೆಂಕಿನ ಬಣ್ಣದ ವೇಷದ ಕೇಸರಿತಟ್ಟಿ, ಇವು ಅಲಂಕಾರಗಳಷ್ಟೇ ಅಲ್ಲ, ಪಾತ್ರದ ವ್ಯಾಕರಣ. ಹಣೆಯವರೆಗೆ ಮಾತ್ರ ಕಾಣುವ ವೇಷವು ಪ್ರತ್ಯಯ ಕಳೆದುಕೊಂಡ ಪದದಂತಿರುತ್ತದೆ. ಕತ್ತರಿ ಕೆಳಗೆ ಬಿದ್ದರೆ ಹೆಜ್ಜೆ ಹೋಗುತ್ತದೆ. ಗೆಜ್ಜೆಯ ಸದ್ದು ಕೇಳುತ್ತದೆ, ಕಾಲು ಕಾಣುವುದಿಲ್ಲ. ಮಂಡಿ ಕುಣಿತದಂತಹ ಸಂದರ್ಭದಲ್ಲಿ ಕಲಾವಿದ ಮೊಣಕಾಲಿನ ಮೇಲೆ ಸುತ್ತುತ್ತಿರುವಾಗ ಚಿತ್ರದ ಕೆಳಗಿನ ಮೂರನೆಯ ಒಂದು ಭಾಗದಲ್ಲಿಯೇ ಎಲ್ಲ ಕ್ರಿಯೆ ನಡೆಯುತ್ತದೆ. ಮೇಲೂ ಕೆಳಗೂ ಸಮನಾಗಿ ಕತ್ತರಿಸುವುದು ನ್ಯಾಯವೆಂದು ತೋರಬಹುದು. ಆಗ ಎರಡೂ ಅರ್ಧರ್ಧ ಹೋಗಿ, ಎದೆಕವಚ ಮತ್ತು ಭುಜಕೀರ್ತಿ ಮಾತ್ರ ಭವ್ಯವಾಗಿ ಉಳಿಯುತ್ತವೆ.

ಇದನ್ನು ತಪ್ಪಿಸಲು ಕೆಲವರು ಕತ್ತರಿಸುವ ಕಿಂಡಿಯನ್ನು ದೃಶ್ಯದಿಂದ ದೃಶ್ಯಕ್ಕೆ ಮೇಲೆ ಕೆಳಗೆ ಸರಿಸುತ್ತಾರೆ. ವೇಷಧಾರಿ ಕುಳಿತಾಗ ಕಿಂಡಿ ಇಳಿಯುತ್ತದೆ, ಎದ್ದಾಗ ಏರುತ್ತದೆ. ನೋಡಲು ಇದು ಸೊಗಸಾಗಿಯೇ ಇರಬಹುದು. ಸಂಶೋಧಕನ ದೃಷ್ಟಿಯಿಂದ ಇದು ಅಪಾಯಕಾರಿ. ಮೂಲದಲ್ಲಿ ಸ್ಥಿರವಾಗಿದ್ದ ಕ್ಯಾಮೆರಾ ಈಗ ಚಲಿಸಿದಂತೆ ಭಾಸವಾಗುತ್ತದೆ. ಮುಂದೆ ದಾಖಲೀಕರಣದ ವಿಧಾನವನ್ನು ಅಧ್ಯಯನ ಮಾಡುವವನು 1980ರ ದಶಕದ ಛಾಯಾಗ್ರಾಹಕ ಯಾವುದಕ್ಕೆ ಒತ್ತು ಕೊಟ್ಟನೆಂದು ವಿಶ್ಲೇಷಿಸುವಾಗ, ವಾಸ್ತವದಲ್ಲಿ ದಶಕಗಳ ನಂತರದ ಸಂಕಲನಕಾರನ ಒತ್ತನ್ನು ವಿಶ್ಲೇಷಿಸುತ್ತಿರುತ್ತಾನೆ. ಪ್ರಕ್ಷೇಪಗಳನ್ನು ಗುರುತಿಸುವುದರಲ್ಲಿ ಜೀವ ತೇಯ್ದ ಶಾಸ್ತ್ರವೊಂದು ತನ್ನದೇ ಆಕರಗಳಲ್ಲಿ ಪ್ರಕ್ಷೇಪಗಳನ್ನು ಉತ್ಪಾದಿಸುವ ಸ್ಥಿತಿಯಿದು.

ಹಿಗ್ಗಿಸುವ ದಾರಿಯಲ್ಲಿ ಏನೂ ಕಳೆದುಹೋಗುವುದಿಲ್ಲ ಎಂಬ ವಾದವಿದೆ. 4:3ರ ಚಿತ್ರವನ್ನು 16:9ಕ್ಕೆ ಎಳೆದರೆ ಅಗಲ ಮೂರನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ. ತೊಗಲುಗೊಂಬೆಯಾಟದ ದಾಖಲೆಗಳಲ್ಲಿ ಇದರ ದುಷ್ಪರಿಣಾಮ ಅತ್ಯಂತ ಸ್ಪಷ್ಟವಾಗುತ್ತದೆ. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಗಾತ್ರವೇ ಅರ್ಥವನ್ನು ಹೊತ್ತಿದೆ. ದೇವತೆಗಳು, ರಾಜರು ದೊಡ್ಡ ಗಾತ್ರದವರು. ಸೇವಕರು, ಸಾಮಾನ್ಯರು ಸಣ್ಣವರು. ಗೊಂಬೆಯ ಎತ್ತರಕ್ಕೂ ಅಗಲಕ್ಕೂ ಇರುವ ಸಂಬಂಧ, ಪಾರ್ಶ್ವಮುಖದ ರೇಖೆ, ಕೈಕಾಲುಗಳ ಉದ್ದ ಇವು ಶೈಲಿಯನ್ನು ಪ್ರದೇಶವಾರು ಗುರುತಿಸುವ ಸಾಧನಗಳು. ಹಿಗ್ಗಿಸಿದ ಚಿತ್ರದಲ್ಲಿ ನೀಳವಾದ ಗೊಂಬೆ ಕುಳ್ಳಾಗುತ್ತದೆ. ಮನುಷ್ಯರು ದಪ್ಪಗಾದರೆ ಪ್ರೇಕ್ಷಕ ತಕ್ಷಣ ಗುರುತಿಸಿ ನಕ್ಕಾನು. ಗೊಂಬೆ ದಪ್ಪಗಾದರೆ ಅದು ಹಾಗೆಯೇ ಇರುವುದೆಂದು ನಂಬುತ್ತಾನೆ. ಚರ್ಮದ ಮೇಲೆ ಕಲಾವಿದ ಕೊರೆದ ಪ್ರಮಾಣವನ್ನು ಬದಲಾಯಿಸುವ ಅಧಿಕಾರ ಯಾರಿಗೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ, ಆದ್ದರಿಂದಲೇ ಹೆಚ್ಚು ಹರಡಿರುವ ಇನ್ನೊಂದು ದೋಷವಿದೆ. ಪಾಲ್ ಪದ್ಧತಿಯ ಅಂಕೀಕೃತ ಚಿತ್ರವು 720 ಅಗಲ, 576 ಎತ್ತರದ ಬಿಂದುಗಳಲ್ಲಿ ಸಂಗ್ರಹವಾಗುತ್ತದೆ. ಈ ಬಿಂದುಗಳು ಚೌಕಾಕಾರದವಲ್ಲ, ಕೊಂಚ ಅಗಲವಾದವು. ಅವನ್ನು ಚೌಕವೆಂದು ಭಾವಿಸಿ ಪರಿವರ್ತಿಸಿದರೆ 1.33ರ ಬದಲು 1.25ರ ಚಿತ್ರ ದೊರೆಯುತ್ತದೆ. ಎಲ್ಲರೂ ಶೇಕಡಾ ಆರರಷ್ಟು ಸಣಕಲಾಗುತ್ತಾರೆ. ಸರಿಯಾದ ಆಕಾರಕ್ಕೆ ಚೌಕ ಬಿಂದುಗಳಲ್ಲಿ 768ರಷ್ಟು ಅಗಲ ಬೇಕು. ಶೇಕಡಾ ಆರು ಕಣ್ಣಿಗೆ ಬೀಳುವ ಅಂತರವಲ್ಲ, ಆದರೆ ಅಳತೆಗೆ ಬೀಳುತ್ತದೆ. ಇದನ್ನು ಪರೀಕ್ಷಿಸಲು ಯಂತ್ರವೇನೂ ಬೇಡ. ಭಾಗವತರ ಕೈಯ ಜಾಗಟೆ ಕ್ಯಾಮೆರಾಕ್ಕೆ ನೇರವಾಗಿ ಮುಖಮಾಡಿದ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ, ಅದರ ಅಡ್ಡಳತೆ ಉದ್ದಳತೆಗಳನ್ನು ಅಳೆದರೆ ಸಾಕು. ಜಾಗಟೆ ದುಂಡಗಿರಬೇಕು. ಡೊಳ್ಳಿನ ಮುಖವೂ ಈ ಕೆಲಸಕ್ಕೆ ಒದಗುತ್ತದೆ.

ಹೀಗಾಗಿ ಕಪ್ಪು ಪಟ್ಟಿಗಳ ಮೊದಲ ದಾರಿಯೇ ಶಾಸ್ತ್ರಸಮ್ಮತವಾದುದು. ಫ್ಲಾಟ್ ಪಾತ್ರೆಯಲ್ಲಿ 4:3ರ ಚಿತ್ರವು 1440 ಅಗಲ, 1080 ಎತ್ತರದಲ್ಲಿ ಕೂರುತ್ತದೆ. ಎರಡೂ ಬದಿಗೆ 279 ಬಿಂದುಗಳ ಕಪ್ಪು ಉಳಿಯುತ್ತದೆ. ಇದೇ ಚಿತ್ರವನ್ನು ಸ್ಕೋಪ್ ಪಾತ್ರೆಯಲ್ಲಿ ಪೂರ್ಣವಾಗಿ ಇಟ್ಟರೆ 1144 ಅಗಲ, 858 ಎತ್ತರ ಮಾತ್ರ ದೊರೆಯುತ್ತದೆ. ಬಿಂದುಗಳ ಲೆಕ್ಕದಲ್ಲಿ ಇದು ಮೊದಲಿನದರ ಶೇಕಡಾ 63. ಆದ್ದರಿಂದ ಹಳೆಯ ಚೌಕಕ್ಕೆ ಫ್ಲಾಟ್ ಪಾತ್ರೆಯೇ ತಕ್ಕದ್ದು. ಇನ್ನೂ ಒಂದು ಎಚ್ಚರ ಬೇಕು. ಸಂಸ್ಥೆಗಳಲ್ಲಿ ಹಲವು ದಾಖಲೆಗಳು ಈಗಾಗಲೇ 16:9ರ ಕಡತಗಳಾಗಿ, ಬದಿಯ ಪಟ್ಟಿಗಳನ್ನೂ ಒಳಗೊಂಡು ಶೇಖರವಾಗಿರುತ್ತವೆ. ಅಂತಹ ಕಡತವನ್ನು ಇಡಿಯಾಗಿ ಸ್ಕೋಪ್ ಪಾತ್ರೆಯೊಳಗೆ ಇಟ್ಟರೆ ಹೊಸ ಪಟ್ಟಿಗಳು ಹಳೆಯ ಪಟ್ಟಿಗಳಿಗೆ ಸೇರಿ ಚಿತ್ರವು ಅಗಲವಾದ ತೆರೆಯ ನಟ್ಟನಡುವೆ ಕಿರಿದಾಗಿ ಉಳಿಯುತ್ತದೆ. ಪಟ್ಟಿಗಳನ್ನು ಮೊದಲು ತೆಗೆದು, ಮೂಲಚಿತ್ರವನ್ನು ಬೇರ್ಪಡಿಸಿ, ಬಳಿಕ ಹೊಸ ಪಾತ್ರೆಗೆ ಕೂರಿಸಬೇಕು. ಪಟ್ಟಿಯಿಲ್ಲದ ನಿಜವಾದ 16:9ರ ಚಿತ್ರಕ್ಕೂ ಫ್ಲಾಟ್ ಪಾತ್ರೆಯಲ್ಲಿ ಎಡಬಲ 39 ಬಿಂದುಗಳ ಕಪ್ಪು ಬಿಡಬೇಕಾಗುತ್ತದೆ. ಅಷ್ಟನ್ನೂ ತಾಳಲಾರದೆ ಚಿತ್ರವನ್ನು ಎಳೆಯುವವರಿದ್ದಾರೆ.

ಕಪ್ಪು ಪಟ್ಟಿಗಳ ವಿರುದ್ಧ ಎತ್ತಲಾಗುವ ಆಕ್ಷೇಪಣೆಗಳಲ್ಲಿ ಒಂದು ಮಾತ್ರ ಗಂಭೀರವಾದುದು. ಜಾನಪದ ಕಲೆ ಎಂದೂ ಒಂದೇ ಚೌಕಟ್ಟಿನಲ್ಲಿ ಉಳಿದಿಲ್ಲ. ಬಯಲಿನಿಂದ ಡೇರೆಗೆ, ಡೇರೆಯಿಂದ ನಗರದ ಸಭಾಂಗಣಕ್ಕೆ, ಅಲ್ಲಿಂದ ದೂರದರ್ಶನಕ್ಕೆ ಹೋದಾಗಲೆಲ್ಲ ಅದು ತನ್ನನ್ನು ಹೊಂದಿಸಿಕೊಂಡಿದೆ. ಈಗ ಅಗಲ ತೆರೆಗೆ ಹೊಂದಿಕೊಳ್ಳುವುದರಲ್ಲಿ ತಪ್ಪೇನು ಎಂಬುದು ಆ ಆಕ್ಷೇಪಣೆ. ಮೂರು ಕಡೆ ಪ್ರೇಕ್ಷಕರಿದ್ದ ರಂಗಸ್ಥಳವು ಒಂದೇ ಕಡೆಯಿಂದ ನೋಡುವ ವೇದಿಕೆಗೆ ಬಂದಾಗ ಪ್ರವೇಶ, ನಿಲುವು, ಹಿಮ್ಮೇಳದ ಸ್ಥಾನ ಎಲ್ಲವೂ ಬದಲಾದದ್ದು ನಿಜ. ಆದರೆ ಆ ಬದಲಾವಣೆಗಳನ್ನು ಮಾಡಿದವರು ಭಾಗವತರು, ವೇಷಧಾರಿಗಳು, ಮೇಳದ ಯಜಮಾನರು. ಹೊಸ ಜಾಗವನ್ನು ಕಾಲಿನಿಂದ ಅಳೆದು ಕುಣಿತವನ್ನು ಅವರೇ ಮರುರಚಿಸಿದರು. ಟೇಪಿನಲ್ಲಿರುವ ಕಲಾವಿದನಿಗೆ ಆ ಅವಕಾಶವಿಲ್ಲ. ಅವನು ಕುಣಿದು ಮುಗಿಸಿದ್ದಾನೆ. ಹಲವು ಸಂದರ್ಭಗಳಲ್ಲಿ ತೀರಿಕೊಂಡಿದ್ದಾನೆ. ಅವನ ಪರವಾಗಿ ಹೊಂದಿಸಿಕೊಳ್ಳುವ ಹಕ್ಕನ್ನು ಸಂಕಲನದ ಮೇಜು ಪಡೆದುಕೊಳ್ಳುವುದನ್ನು ಪರಂಪರೆಯ ಹೊಂದಿಕೆಯೆಂದು ಕರೆಯಲಾಗದು.

ಈ ವ್ಯತ್ಯಾಸಕ್ಕೆ ಸಿನಿಮಾದಲ್ಲಿಯೇ ಒಂದು ನಿದರ್ಶನವಿದೆ. ರಾಮನಗರದ ಬೆಟ್ಟಗಳ ನಡುವೆ ಚಿತ್ರಿತವಾದ 'ಶೋಲೆ' 1975ರಲ್ಲಿ ತೆರೆಕಂಡಿತು. ಅದನ್ನು ಚಿತ್ರೀಕರಿಸಿದ್ದು 35 ಮಿ.ಮೀ. ಫಿಲ್ಮಿನಲ್ಲಿ. ಅದರ ಮೇಲು ಕೆಳಗನ್ನು ಬಿಟ್ಟು 2.2ರ ಪ್ರಮಾಣದ 70 ಮಿ.ಮೀ.ಗೆ ಹಿಗ್ಗಿಸಲಾಯಿತು. ಆದರೆ ಆ ಅಗಲ ಅಂಚುಗಳನ್ನು ಗಮನದಲ್ಲಿರಿಸಿಕೊಂಡೇ ದೃಶ್ಯಗಳನ್ನು ಸಂಯೋಜಿಸಲಾಗಿತ್ತು. ಬಂಡೆಗಳ ಸಾಲು, ಬಯಲಿನ ವಿಸ್ತಾರ ಆ ಅಗಲಕ್ಕಾಗಿಯೇ ಆಯ್ದವು. 2025ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಆ ಚಿತ್ರದ ಪುನರುಜ್ಜೀವಿತ ಪ್ರತಿ ತೋರಿಸಿದಾಗಲೂ 2.2ರ ಪ್ರಮಾಣವನ್ನೇ ಅನುಸರಿಸಿದ್ದು ಸರಿಯಾಗಿಯೇ ಇದೆ. ಇದಕ್ಕೆ ಪ್ರತಿಯಾಗಿ 1955ರ 'ಪಥೇರ್ ಪಾಂಚಾಲಿ'ಯು ಅಕಾಡೆಮಿ ಚೌಕದಲ್ಲಿ ಸಂಯೋಜಿತವಾದ ಚಿತ್ರ. 2015ರಲ್ಲಿ ಅದರ ನಾಲ್ಕು-ಕೆ ಪ್ರತಿ ಹೊರಬಂದಾಗ ಬದಿಯ ಕಪ್ಪನ್ನು ಯಾರೂ ಕೊರತೆಯೆಂದು ಎಣಿಸಲಿಲ್ಲ. ಕಥಾಚಿತ್ರಗಳಿಗೆ ಸಲ್ಲುವ ಈ ಗೌರವ ಜಾನಪದ ದಾಖಲೆಗಳಿಗೆ ಸಲ್ಲುತ್ತಿಲ್ಲ. ಕಥಾಚಿತ್ರಕ್ಕೆ ಒಬ್ಬ ನಿರ್ದೇಶಕನಿದ್ದಾನೆ, ಜಾನಪದ ದಾಖಲೆ ಅನಾಮಿಕ ಎಂಬ ಹಳೆಯ ತಾತ್ಸಾರವೇ ಇಲ್ಲಿಯೂ ಕೆಲಸಮಾಡುತ್ತಿದೆ. ಶೋಲೆಯ ಬೆಟ್ಟಗಳಿಗೆ ಅನತಿದೂರದಲ್ಲಿಯೇ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇರುವುದು ಒಂದು ಆಕಸ್ಮಿಕ, ಆದರೆ ಅರ್ಥಪೂರ್ಣ ಆಕಸ್ಮಿಕ.

ಆಕಾರದ ಪ್ರಶ್ನೆಯ ಜೊತೆಗೆ ವೇಗದ ಪ್ರಶ್ನೆ ಅನಿವಾರ್ಯವಾಗಿ ಹೆಣೆದುಕೊಂಡಿದೆ. ಪಾಲ್ ಟೇಪು ಸೆಕೆಂಡಿಗೆ 25 ಚಿತ್ರಗಳದು. ಡಿಜಿಟಲ್ ಸಿನಿಮಾದ ಮೂಲಮಾನಕ 24. ಸುಲಭದ ದಾರಿಯೆಂದರೆ ಓಟವನ್ನು ತುಸು ನಿಧಾನಗೊಳಿಸುವುದು. ಎಂಟು ಗಂಟೆಗಳ ಇಡೀ ರಾತ್ರಿಯ ಆಟ ಇದರಿಂದ ಇಪ್ಪತ್ತು ನಿಮಿಷ ಹೆಚ್ಚು ಹೊತ್ತು ನಡೆಯುತ್ತದೆ. ಅದನ್ನು ಸಹಿಸಬಹುದು. ಸಹಿಸಲಾಗದ್ದು ಶ್ರುತಿಯ ಇಳಿತ. ಧ್ವನಿಯೂ ಅದೇ ಪ್ರಮಾಣದಲ್ಲಿ ನಿಧಾನವಾದರೆ ಭಾಗವತರ ಶ್ರುತಿ ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದಲ್ಲಿ ಮುಕ್ಕಾಲಿಗೆ ಸಮೀಪದಷ್ಟು ಕೆಳಗಿಳಿಯುತ್ತದೆ. ಏರುಶ್ರುತಿಯ ಹಾಡುಗಾರಿಕೆಯೇ ಲಕ್ಷಣವಾಗಿರುವ ಕಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಹಿಂದಿನ ತಲೆಮಾರಿನ ಭಾಗವತರು ಯಾವ ಶ್ರುತಿಯಲ್ಲಿ ಹಾಡುತ್ತಿದ್ದರೆಂಬ ಚರ್ಚೆಗೆ ಇಂತಹ ಪ್ರತಿಯೊಂದು ಆಧಾರವಾದರೆ ತೀರ್ಮಾನವೇ ತಪ್ಪುತ್ತದೆ. ಚೆಂಡೆಯ ನಾದವೂ ಮಂದವಾಗುತ್ತದೆ, ಕಾಲವೂ ಶೇಕಡಾ ನಾಲ್ಕರಷ್ಟು ಎಳೆಯುತ್ತದೆ. ಶ್ರುತಿಯನ್ನು ಮಾತ್ರ ಮರಳಿ ಏರಿಸುವ ಸಾಧನಗಳಿವೆ, ಅವನ್ನು ಬಳಸಿದಾಗ ಬಳಸಿದೆವೆಂದು ದಾಖಲಿಸಬೇಕು. ನಂತರದ ಮಾನಕಗಳು 25ರ ವೇಗವನ್ನೂ ಒಪ್ಪಿವೆ, ಆದರೆ ಪ್ರತಿಯೊಂದು ಚಿತ್ರಮಂದಿರದ ಯಂತ್ರವೂ ಅದನ್ನು ಓಡಿಸುತ್ತದೆಂಬ ಭರವಸೆಯಿಲ್ಲ. ಮೊದಲೇ ಪರೀಕ್ಷಿಸಿಕೊಳ್ಳುವುದು ಕ್ಷೇಮ.

ಟೇಪಿನ ಚಿತ್ರವು ಒಂದೊಂದೂ ಎರಡು ಅರ್ಧಗಳಿಂದ ಕೂಡಿದ್ದು, ಬೆಸ ಸಾಲುಗಳದೊಂದು, ಸಮ ಸಾಲುಗಳದೊಂದು, ಸೆಕೆಂಡಿಗೆ ಇಂತಹ 50 ಅರ್ಧಗಳು ಬರುತ್ತವೆ. ಧೀಂಗಿಣದಂತಹ ವೇಗದ ಸುತ್ತಿನಲ್ಲಿ ಎರಡು ಅರ್ಧಗಳ ನಡುವೆಯೇ ಕೈ ಸರಿದಿರುತ್ತದೆ. ಈ ಅರ್ಧಗಳನ್ನು ಸರಿಯಾಗಿ ಬಿಡಿಸುವ ಮೊದಲೇ ಚಿತ್ರದ ಎತ್ತರವನ್ನು ಬದಲಿಸಿದರೆ ಅಂಚುಗಳಲ್ಲಿ ಬಾಚಣಿಗೆಯ ಹಲ್ಲುಗಳಂತಹ ಗೆರೆಗಳು ಮೂಡಿ, ಮತ್ತೆಂದೂ ತೆಗೆಯಲಾಗದಂತೆ ಚಿತ್ರದಲ್ಲಿ ಕಲಸಿಹೋಗುತ್ತವೆ. ಬಿಡಿಸುವುದು ಮೊದಲು, ಗಾತ್ರ ಬದಲಿಸುವುದು ಆಮೇಲೆ. ಬಣ್ಣದ ಪರಿವರ್ತನೆಯ ವಿಷಯ ತಂತ್ರಜ್ಞರಲ್ಲಿ ಸಾಕಷ್ಟು ಚರ್ಚಿತವಾಗಿರುವುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಅಂಚುಗಳ ವಿಷಯಕ್ಕೆ ಬರುವಾಗ ಒಂದು ಅನಿರೀಕ್ಷಿತ ಲಾಭ ಎದುರಾಗುತ್ತದೆ. ಹಳೆಯ ದೂರದರ್ಶನ ಪೆಟ್ಟಿಗೆಗಳು ಚಿತ್ರದ ನಾಲ್ಕೂ ಅಂಚುಗಳನ್ನು ತಮ್ಮ ಚೌಕಟ್ಟಿನ ಹಿಂದೆ ಸ್ವಲ್ಪ ಮರೆಮಾಡುತ್ತಿದ್ದವು. ಛಾಯಾಗ್ರಾಹಕರು ಇದನ್ನು ತಿಳಿದೇ ಮುಖ್ಯ ಕ್ರಿಯೆಯನ್ನು ಒಳಗಿನ ಸುರಕ್ಷಿತ ವಲಯದಲ್ಲಿ ಇರಿಸುತ್ತಿದ್ದರು; ಹೊರಗಿನ ಅಂಚಿನಲ್ಲಿ ಏನಿದ್ದರೂ ಯಾರೂ ನೋಡುವುದಿಲ್ಲವೆಂಬ ಧೈರ್ಯ ಅವರಿಗಿತ್ತು. ಡಿಜಿಟಲ್ ಪ್ರದರ್ಶನದಲ್ಲಿ ಆ ಅಂಚು ಪೂರ್ತಿಯಾಗಿ ಬೆಳಕಿಗೆ ಬರುತ್ತದೆ. ಮೈಕಿನ ಕಂಬ, ದೀಪದ ತಂತಿ, ಚೌಕಿಯಿಂದ ಇಣುಕುವ ಅರ್ಧ ಬಣ್ಣ ಹಚ್ಚಿದ ಮುಖ, ತೆರೆ ಹಿಡಿದ ಇಬ್ಬರ ಬೆರಳುಗಳು, ರಂಗಸ್ಥಳದ ಪಕ್ಕದಲ್ಲಿ ನಿದ್ದೆಹೋದ ಮಕ್ಕಳು. ಡಿಸಿಪಿ ಸಿದ್ಧಪಡಿಸುವವರು ಇದನ್ನು ಕಸವೆಂದು ಭಾವಿಸಿ ಅಂಚುಗಳನ್ನು ಒಳಕ್ಕೆ ಕತ್ತರಿಸಿ 'ಸ್ವಚ್ಛ'ಗೊಳಿಸುತ್ತಾರೆ. ಪ್ರದರ್ಶನದ ಸಂದರ್ಭವೂ ಪಠ್ಯದ ಭಾಗವೆಂದು ಜಾನಪದ ಅಧ್ಯಯನವು ದಶಕಗಳಿಂದ ಪ್ರತಿಪಾದಿಸುತ್ತ ಬಂದಿದೆ. ಆ ಸಂದರ್ಭ ತಾನಾಗಿಯೇ ದೊರೆತಿರುವ ಬೆರಳಗಲದ ಪ್ರದೇಶವನ್ನು ಒರೆಸಿಹಾಕುವುದು ವಿಚಿತ್ರ. ವಿಎಚ್ಎಸ್ ಚಿತ್ರದ ತಳದಲ್ಲಿ ಓದುತಲೆ ಬದಲಾಗುವಾಗ ಬರುವ ಕೆಲವು ಕದಡಿದ ಸಾಲುಗಳನ್ನು ಮಾತ್ರ ಪ್ರದರ್ಶನಪ್ರತಿಯಲ್ಲಿ ಮರೆಮಾಡಬಹುದು, ಸಂರಕ್ಷಣಾಪ್ರತಿಯಲ್ಲಿ ಅದನ್ನೂ ಉಳಿಸಬೇಕು.

ಉಪಶೀರ್ಷಿಕೆಗಳ ಸ್ಥಾನದ ಬಗೆಗೂ ಒಂದು ಮಾತು ಹೇಳಬೇಕು. ತುಳು ಪಾಡ್ದನಕ್ಕೋ ಕೊಡವ ಹಾಡಿಗೋ ಕನ್ನಡ ಅಥವಾ ಇಂಗ್ಲಿಷ್ ಅನುವಾದ ಕೊಡುವಾಗ ಅಕ್ಷರಗಳು ರೂಢಿಯಂತೆ ಚಿತ್ರದ ತಳಕ್ಕೆ ಬೀಳುತ್ತವೆ. ಕುಣಿತವಿರುವೆಡೆ ಅದು ಕಾಲುಗಳ ಜಾಗ. ಕತ್ತರಿಯಿಂದ ಉಳಿಸಿದ ಹೆಜ್ಜೆಯನ್ನು ಅಕ್ಷರ ಮುಚ್ಚಿದಂತಾಗುತ್ತದೆ. ಡಿಸಿಪಿಯಲ್ಲಿ ಉಪಶೀರ್ಷಿಕೆಗಳನ್ನು ಚಿತ್ರದಿಂದ ಪ್ರತ್ಯೇಕ ಕಡತವಾಗಿ ಇರಿಸಲು, ಅವುಗಳ ಸ್ಥಾನವನ್ನು ನಿರ್ಧರಿಸಲು ಅವಕಾಶವಿದೆ. ಬದಿಯ 279 ಬಿಂದುಗಳ ಕಪ್ಪನ್ನು ಚಿಕ್ಕ ಸಾಲುಗಳಿಗೆ ಬಳಸಿಕೊಳ್ಳಬಹುದು. ಕನ್ನಡದ ಒತ್ತಕ್ಷರಗಳು ಪ್ರದರ್ಶನಯಂತ್ರದಲ್ಲಿ ಕೆದರಿಹೋಗುವ ಸಂಭವ ಇರುವುದರಿಂದ ಅಕ್ಷರಗಳನ್ನು ಚಿತ್ರರೂಪದಲ್ಲಿ ಸಿದ್ಧಪಡಿಸುವುದು ಉತ್ತಮ.

ಡಿಸಿಪಿಯ ಹೆಸರಿಸುವ ಪದ್ಧತಿಯಲ್ಲಿ ಒಂದು ಗಮನಾರ್ಹ ಸೌಲಭ್ಯವಿದೆ. ಹೊರಪಾತ್ರೆಯನ್ನು ಒಂದು ಅಕ್ಷರದಿಂದಲೂ ಒಳಗಿನ ಚಿತ್ರದ ನಿಜ ಪ್ರಮಾಣವನ್ನು ಮೂರು ಅಂಕೆಗಳಿಂದಲೂ ಸೂಚಿಸಲಾಗುತ್ತದೆ. ಫ್ಲಾಟ್ ಪಾತ್ರೆಯೊಳಗೆ 1.33ರ ಚಿತ್ರವಿದ್ದರೆ 'ಎಫ್-133' ಎಂದು ಹೆಸರಿನಲ್ಲಿಯೇ ಬರೆಯುತ್ತಾರೆ. ಆರ್ನೆ-ಥಾಮ್ಸನ್ ವರ್ಗಸೂಚಿಯ ಸಂಖ್ಯೆಗಳನ್ನು ಬಳಸಿ ಅಭ್ಯಾಸವಿರುವ ಜಾನಪದ ವಿದ್ವಾಂಸರಿಗೆ ಇಂತಹ ಸಂಕೇತ ಅಪರಿಚಿತವೆನಿಸಬಾರದು. ಆದರೂ ದೃಶ್ಯಸಂಗ್ರಹಗಳ ಸೂಚಿಗಳಲ್ಲಿ ಸಾಮಾನ್ಯವಾಗಿ ಕಲೆ, ಪ್ರಸಂಗ, ಕಲಾವಿದ, ಊರು, ದಿನಾಂಕ, ಅವಧಿ ಇವುಗಳಿಗೆ ಸಿಗುವ ಅಂಕಣ ಚಿತ್ರದ ಪ್ರಮಾಣಕ್ಕೆ ಸಿಗುವುದಿಲ್ಲ. ಅಂಕೀಕರಣದ ವೇಳೆ ಮೂಲ ಟೇಪಿನ ಆಕಾರ, ಬಿಂದುಗಳ ಸ್ವರೂಪ, ಚಿತ್ರವೇಗ ದಾಖಲಾಗದೆ ಹೋದರೆ, ಟೇಪು ನಶಿಸಿದ ಮೇಲೆ ಉಳಿಯುವ ಕಡತ ಹಿಗ್ಗಿದ್ದೋ ಕುಗ್ಗಿದ್ದೋ ಕತ್ತರಿಸಿದ್ದೋ ಎಂದು ತಿಳಿಯಲು ಜಾಗಟೆಯನ್ನೇ ಹುಡುಕಬೇಕಾಗುತ್ತದೆ. ಎಲ್ಲ ದಾಖಲೆಗಳಲ್ಲಿಯೂ ಜಾಗಟೆ ಇರುವುದಿಲ್ಲ.

ಕೊನೆಯದಾಗಿ, 4:3ರ ಚೌಕಟ್ಟನ್ನು ಉಳಿಸಿದ ಮಾತ್ರಕ್ಕೆ ಕಲೆಯನ್ನು ಉಳಿಸಿದಂತಾಯಿತೆಂದು ಭಾವಿಸುವಂತಿಲ್ಲ. ಆ ಚೌಕಟ್ಟೂ ಹೊರಗಿನಿಂದ ಬಂದದ್ದೇ. ಡೊಳ್ಳುಕುಣಿತದ ವರ್ತುಲ ಅದರೊಳಗೆ ಇಕ್ಕಟ್ಟಾಗುತ್ತದೆ. ಎರಡು ತುದಿಯ ಡೊಳ್ಳುಗಳು ಹೊರಗುಳಿಯುತ್ತವೆ. ಅಗಲ ತೆರೆ ಅದಕ್ಕೆ ಹೆಚ್ಚು ಒಪ್ಪುತ್ತಿತ್ತು. ಇದಕ್ಕೆ ತದ್ವಿರುದ್ಧವಾಗಿ ನಂದಿಕೋಲು ಕುಣಿತ, ಪಟದ ಕುಣಿತಗಳು ಎತ್ತರದ ಕಲೆಗಳು. ಕೋಲಿನ ತುದಿಯನ್ನೂ ಹೊತ್ತವನ ಪಾದವನ್ನೂ ಒಟ್ಟಿಗೆ ಹಿಡಿಯಬೇಕಾದರೆ ಕ್ಯಾಮೆರಾ ಬಹಳ ಹಿಂದೆ ಸರಿಯಬೇಕು, ಸರಿದಾಗ ಮನುಷ್ಯ ಇರುವೆಯಾಗುತ್ತಾನೆ. 1990ರ ಡಿಸೆಂಬರಿನಲ್ಲಿ ಲೌರಿ ಹೊಂಕೊ ಮತ್ತವರ ಸಂಗಡಿಗರು ಗೋಪಾಲ ನಾಯ್ಕರಿಂದ ಸಿರಿ ಮಹಾಕಾವ್ಯವನ್ನು ದಾಖಲಿಸಿದಾಗ ಎದುರಿಗಿದ್ದದ್ದು ಹಾಡುವ ಒಬ್ಬ ಕವಿ, ಕುಳಿತ ಮನುಷ್ಯನಿಗೆ ಚೌಕಾಕಾರ ಒಗ್ಗುತ್ತದೆ. ಭೂತಾರಾಧನೆಯಲ್ಲಿ ಹಾಗಲ್ಲ. ಬೆನ್ನಿಗೆ ಕಟ್ಟಿದ ಅಣಿ ತಲೆಯ ಮೇಲೆ ಬಹು ಎತ್ತರಕ್ಕೆ ಏರುತ್ತದೆ. ಮುಖದ ಬರವಣಿಗೆ ಬೇಕೆಂದು ಕ್ಯಾಮೆರಾ ಹತ್ತಿರ ಹೋದಾಗ ಅಣಿ ಮೂಲದಲ್ಲಿಯೇ ಚೌಕಟ್ಟಿನ ಹೊರಗೆ ಹೋಗಿರುತ್ತದೆ. ಇಲ್ಲಿ ಕತ್ತರಿ ಬಿದ್ದದ್ದು ಸಂಕಲನದ ಮೇಜಿನಲ್ಲಲ್ಲ, ಅಂಗಳದಲ್ಲಿ, ಅದೇ ರಾತ್ರಿ. ಡಿಸಿಪಿ ಸಿದ್ಧಪಡಿಸುವವನು ಅದನ್ನು ಮರಳಿಸಲಾರ. ಆದರೆ ಈಗಾಗಲೇ ಅರ್ಧ ಕಾಣದಿರುವ ಅಣಿಯ ಉಳಿದರ್ಧವನ್ನು ತೆರೆ ತುಂಬಿಸುವ ನೆಪದಲ್ಲಿ ಕಳೆಯದಿರುವುದು ಅವನ ಕೈಯಲ್ಲಿದೆ. ಮೂಲದಲ್ಲಿಯೇ ಅಣಿಯ ತುದಿ ಚಿತ್ರಿತವಾಗಿಲ್ಲವೆಂಬ ಒಂದು ಸಾಲನ್ನು ಸೂಚಿಯಲ್ಲಿ ಬರೆದಿಡುವುದು ಸಂಗ್ರಹಾಲಯದವರ ಕೈಯಲ್ಲಿದೆ.